ಮೊದಲು ಬಜೆಟ್ ತೋರಿಸಿ, ಆಮೇಲೆ ಸ್ಟ್ರಾಟಜಿ ಮಾತಾಡೋಣ

ಮಾರುಕಟ್ಟೆ ಮತ್ತು ಮಾರ್ಕೆಟಿಂಗ್ ವಿಷಯದಲ್ಲಿ ಕಂಪನಿಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಹೊಸ ಕೆಲಸ ಒಪ್ಪಿಕೊಂಡಾಗ ನಾನು ಮೊದಲು ಕೇಳುವುದು ಎರಡು ಕಾಗದ. ಒಂದು, ಈ ವರ್ಷ ಹಣ ಎಲ್ಲೆಲ್ಲಿಗೆ ಹಂಚಿಕೆಯಾಗಿದೆ ಎಂಬ ಬಜೆಟ್. ಇನ್ನೊಂದು, ಮಾರಾಟದವರ ಇನ್ಸೆಂಟಿವ್ ಲೆಕ್ಕ ಹಾಕುವ ವಿಧಾನ. ಸ್ಲೈಡುಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಸ್ಲೈಡಿನಲ್ಲಿ ‘ಇನ್ನು ಮುಂದೆ ನಾವು ಡಿಜಿಟಲ್ ಕಂಪನಿ’ ಎಂದಿರುತ್ತದೆ. ಬಜೆಟ್ ತೆಗೆದರೆ ಹೋದ ವರ್ಷದ ಅಂಕಿಗಳಿಗೇ ಚೂರು ಸೇರಿಸಿ ಬರೆದಿರುತ್ತಾರೆ. ಹಳೆಯ ಸರಕು ಮಾರಿದವರಿಗೇ ಇನ್ಸೆಂಟಿವ್ ಜಾಸ್ತಿ. ಆ ಕಂಪನಿ ನಿಜಕ್ಕೂ ಎತ್ತ ಹೊರಟಿದೆ ಎಂದು ತಿಳಿಯಲು ಇಷ್ಟು ಸಾಕು.

ಬದಲಾವಣೆ ಕಣ್ಣಿಗೆ ಬೀಳದೆ ದೊಡ್ಡ ಕಂಪನಿಗಳು ಬಿದ್ದುಹೋಗುತ್ತವೆ ಎಂಬ ನಂಬಿಕೆ ತುಂಬ ಜನರಿಗಿದೆ. ನಾನು ಕಂಡಿದ್ದು ಹಾಗಿಲ್ಲ. ಒಳಗಿನವರಿಗೆ ಎಲ್ಲ ಗೊತ್ತಿರುತ್ತದೆ. ವರದಿಗಳು ಬಂದಿರುತ್ತವೆ, ಚರ್ಚೆ ಆಗಿರುತ್ತದೆ. ಆದರೂ ಹಣ, ಒಳ್ಳೆಯ ಜನ, ಬಡ್ತಿ ಎಲ್ಲವೂ ಹಳೆಯ ವ್ಯವಹಾರದ ಕಡೆಗೇ ಹರಿಯುತ್ತಿರುತ್ತವೆ. ಯಾಕೆಂದರೆ ಈ ತ್ರೈಮಾಸಿಕದ ಲಾಭ ಬರುವುದು ಅಲ್ಲಿಂದಲೇ.

ಫಿಲ್ಮ್ ಕಂಪನಿ ಕೊಡಾಕ್ ಕತೆಯನ್ನೇ ನೋಡಿ. ಡಿಜಿಟಲ್ ಬಂದಾಗ ನಿದ್ದೆ ಮಾಡುತ್ತಿತ್ತು, ಹಾಗಾಗಿ ಮುಳುಗಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೈಯಲ್ಲಿ ಹೊರಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಅದೇ ಕಂಪನಿಯ ಎಂಜಿನಿಯರ್ ಸ್ಟೀವ್ ಸಾಸನ್, 1975ರಲ್ಲಿ. 2005ರ ಹೊತ್ತಿಗೆ ಅಮೆರಿಕದಲ್ಲಿ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಾಕ್ ಮೊದಲ ಸ್ಥಾನಕ್ಕೂ ಬಂದಿತ್ತು. ಹಾಗಿದ್ದೂ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಫಿಲ್ಮಿನ ವ್ಯವಹಾರದಲ್ಲಿ ಗ್ರಾಹಕ ಒಮ್ಮೆ ಕ್ಯಾಮೆರಾ ಕೊಂಡರೆ ಆಮೇಲೆ ವರ್ಷಗಟ್ಟಲೆ ರೋಲು, ತೊಳೆಸುವ ಖರ್ಚು, ಪ್ರಿಂಟು ಎಂದು ದುಡ್ಡು ಕೊಡುತ್ತಲೇ ಇರುತ್ತಿದ್ದ. ಡಿಜಿಟಲ್ ಕ್ಯಾಮೆರಾದಲ್ಲಿ ಹಾಗಿಲ್ಲ. ಪೆಟ್ಟಿಗೆ ಮಾರಿದ ದಿನವೇ ಗಳಿಕೆ ಮುಗಿಯಿತು. ಅದರಲ್ಲೂ ಪೈಪೋಟಿ ಜೋರು, ಮಾರ್ಜಿನ್ (ಖರ್ಚು ಕಳೆದು ಉಳಿಯುವ ಲಾಭ) ಕಡಿಮೆ. ಇಷ್ಟು ಸಾಲದೆಂಬಂತೆ ಕೆಲವೇ ವರ್ಷಗಳಲ್ಲಿ ಆ ಕ್ಯಾಮೆರಾವನ್ನೇ ಫೋನ್ ನುಂಗಿತು. ಕೊಡಾಕ್ ಉತ್ಪನ್ನ ಬದಲಿಸಿತು. ದುಡ್ಡು ಬರುವ ದಾರಿ ಬದಲಿಸಲು ಆಗಲಿಲ್ಲ.

ಅದೇ ಹೊತ್ತಿನಲ್ಲಿ ಜಪಾನಿನ ಫಿಲ್ಮ್ ಕಂಪನಿ ಫ್ಯೂಜಿಫಿಲ್ಮ್ ಬೇರೆ ಪ್ರಶ್ನೆ ಕೇಳಿಕೊಂಡಿತು. ಶಿಗೆತಾಕಾ ಕೊಮೊರಿ ಅದರ ಅಧ್ಯಕ್ಷರಾಗಿದ್ದು 2000ದಲ್ಲಿ. ಜಗತ್ತಿನಲ್ಲಿ ಫಿಲ್ಮಿಗೆ ಬೇಡಿಕೆ ತುತ್ತತುದಿ ಮುಟ್ಟಿದ್ದೂ ಆ ಹೊತ್ತಿನಲ್ಲೇ. ‘ಫಿಲ್ಮ್ ಮಾಡಿ ಮಾಡಿ ನಮಗೆ ಬೇರೆ ಏನೇನು ಬರುತ್ತದೆ?’ ಎಂದು ಅವರು ಪಟ್ಟಿ ಮಾಡಿಸಿದರು. ಫಿಲ್ಮಿನಲ್ಲಿರುವ ಜೆಲಾಟಿನ್ ಕೊಲಾಜನ್ ಎಂಬ ಪ್ರೊಟೀನ್‌ನಿಂದ ಬರುತ್ತದೆ. ಚರ್ಮದಲ್ಲೂ ಇರುವುದು ಕೊಲಾಜನ್. ಫೋಟೊದ ಬಣ್ಣ ಮಾಸದಂತೆ ತಡೆಯುವ ರಸಾಯನ ವಿದ್ಯೆ ಚರ್ಮದ ಆರೈಕೆಗೂ ಬರುತ್ತದೆ. 2007ರಲ್ಲಿ ಆಸ್ಟಾಲಿಫ್ಟ್ ಎಂಬ ಸೌಂದರ್ಯ ಸಾಧನಗಳು ಹೊರಬಂದವು. ಎಲ್‌ಸಿಡಿ ಪರದೆಗಳಿಗೆ ಬೇಕಾದ ತೆಳು ಪದರ ಮಾಡುವುದೂ ಅವರಿಗೆ ಕರಗತವಾಗಿತ್ತು. ಅಲ್ಲಿ ದೊಡ್ಡ ಬಂಡವಾಳ ಹಾಕಿದರು. 2008ರಲ್ಲಿ ಔಷಧ ಕಂಪನಿಯೊಂದನ್ನು ಕೊಂಡರು. ಇದೆಲ್ಲ ಸಲೀಸಾಗಿ ಆಗಲಿಲ್ಲ. ಫಿಲ್ಮ್ ವಿಭಾಗದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಹೊಂದಿಕೊಳ್ಳುವುದು ಎಂದರೆ ಏನೆಂದು ಹೇಳುವಾಗ ಈ ಭಾಗವನ್ನು ಬಿಟ್ಟು ಹೇಳಬಾರದು ಎಂದು ನನಗೆ ಅನ್ನಿಸುತ್ತದೆ.

ಹಣ ಹಂಚುವ ನಿಯಮ ಎಷ್ಟು ಬಲಶಾಲಿ ಎಂದು ತಿಳಿಯಬೇಕಾದರೆ ಇಂಟೆಲ್ ಕತೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಶುರುವಿನಲ್ಲಿ ಅದು ಮೆಮೊರಿ ಚಿಪ್ಪಿನ ಕಂಪನಿ. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಅಗ್ಗದ, ಒಳ್ಳೆಯ ಗುಣಮಟ್ಟದ ಮೆಮೊರಿ ತಂದವು. ಇಂಟೆಲ್‌ಗೆ ಹೊಡೆತ ಬಿತ್ತು. 1985ರಲ್ಲಿ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್, ಸಿಇಒ ಗಾರ್ಡನ್ ಮೂರ್ ಇಬ್ಬರೂ ಕೂತು ಮಾತಾಡಿದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮನ್ನು ತೆಗೆದುಹಾಕಿ ಬೋರ್ಡ್ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ ಎಂದು ಗ್ರೋವ್ ಕೇಳಿದರು. ಮೆಮೊರಿಯಿಂದ ಹೊರಬರುತ್ತಾರೆ ಎಂಬುದು ಮೂರ್ ಉತ್ತರ. ಹಾಗಾದರೆ ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂದು ತೀರ್ಮಾನಿಸಿ ಮೈಕ್ರೊಪ್ರೊಸೆಸರ್ (ಕಂಪ್ಯೂಟರಿನ ಮೆದುಳಿನಂಥ ಚಿಪ್ಪು) ಕಡೆ ಹೊರಳಿದರು.

ಈ ಮಾತುಕತೆ ಹೆಸರುವಾಸಿ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅದಕ್ಕೂ ಮುಂಚೆ ಕಾರ್ಖಾನೆಯಲ್ಲಿ ಆದದ್ದು. ಯಾವ ಚಿಪ್ಪಿಗೆ ಎಷ್ಟು ಜಾಗ ಎಂದು ನಿರ್ಧರಿಸಲು ಇಂಟೆಲ್‌ನಲ್ಲಿ ಒಂದು ನಿಯಮವಿತ್ತು. ಒಂದು ವೇಫರ್‌ಗೆ (ಚಿಪ್ಪುಗಳನ್ನು ಮಾಡುವ ಸಿಲಿಕಾನ್ ಬಿಲ್ಲೆ) ಜಾಸ್ತಿ ಮಾರ್ಜಿನ್ ತರುವ ಚಿಪ್ಪಿಗೆ ಜಾಸ್ತಿ ಜಾಗ. ಮೆಮೊರಿಯ ಬೆಲೆ ಕುಸಿದಂತೆಲ್ಲ ಉತ್ಪಾದನೆಯ ಯೋಜನೆ ಹಾಕುವ ಮಧ್ಯಮ ಹಂತದವರು ತಿಂಗಳು ತಿಂಗಳಿಗೂ ಪ್ರೊಸೆಸರ್‌ಗೆ ಜಾಗ ಬಿಟ್ಟುಕೊಡುತ್ತಾ ಬಂದರು. ಅವರಿಗೆ ಯಾರೂ ಹೊಸ ಸ್ಟ್ರಾಟಜಿ ಹೇಳಿರಲಿಲ್ಲ. ಮೇಲಿನವರು ‘ನಾವು ಮೆಮೊರಿ ಕಂಪನಿ’ ಎಂದೇ ಹೇಳುತ್ತಿದ್ದರು, ಸಂಶೋಧನೆಗೂ ಅಲ್ಲಿಗೇ ದೊಡ್ಡ ಮೊತ್ತ ಹೋಗುತ್ತಿತ್ತು. ಕಾರ್ಖಾನೆ ಮಾತ್ರ ಆಗಲೇ ಪ್ರೊಸೆಸರ್ ಕಂಪನಿಯಾಗಿತ್ತು. ಗ್ರೋವ್ ಮತ್ತು ಮೂರ್ ತೀರ್ಮಾನ ತೆಗೆದುಕೊಂಡಾಗ ಅರ್ಧ ದಾರಿ ಸವೆದಿತ್ತು.

ಈಗ ಅದೇ ಕತೆಯ ಇನ್ನೊಂದು ಮುಖ. ಸುಮಾರು ಇಪ್ಪತ್ತು ವರ್ಷಗಳ ನಂತರ ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶ ಇಂಟೆಲ್ ಬಾಗಿಲಿಗೆ ಬಂತು. ಆಪಲ್ ಕೊಡಲು ಒಪ್ಪಿದ ಬೆಲೆ ತಮ್ಮ ಅಂದಾಜು ವೆಚ್ಚಕ್ಕಿಂತ ಕಡಿಮೆಯಿತ್ತು, ಹಾಗಾಗಿ ಬೇಡ ಎಂದೆವು ಎಂದು ಆಗಿನ ಸಿಇಒ ಪಾಲ್ ಒಟೆಲಿನಿ 2013ರಲ್ಲಿ ಹೇಳಿಕೊಂಡರು. ವೆಚ್ಚದ ಅಂದಾಜು ತಪ್ಪಿತ್ತು, ಮಾರಾಟವಾದ ಸಂಖ್ಯೆ ಯಾರೂ ಊಹಿಸಿದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು ಎಂದೂ ಅವರೇ ಹೇಳಿದರು. 1985ರಲ್ಲಿ ಕಂಪನಿಯನ್ನು ಕಾಪಾಡಿದ್ದು ಮಾರ್ಜಿನ್ ನೋಡಿ ಹೆಜ್ಜೆ ಇಡುವ ಅಭ್ಯಾಸ. ಅದೇ ಅಭ್ಯಾಸ ಫೋನಿನ ಮಾರುಕಟ್ಟೆಯನ್ನು ಕೈತಪ್ಪಿಸಿತು. ಯಾವ ನಿಯಮವೂ ಎಲ್ಲ ಕಾಲಕ್ಕೂ ಸರಿಯಲ್ಲ. ಹಾಗಾಗಿ ಹಣ ಹಂಚುವ ನಿಯಮವನ್ನೇ ಆಗಾಗ ಮೇಜಿನ ಮೇಲೆ ಇಟ್ಟು ‘ಇದು ಯಾವ ಹೊಸ ವ್ಯವಹಾರಕ್ಕೆ ಬಾಗಿಲು ಮುಚ್ಚುತ್ತಿದೆ?’ ಎಂದು ಕೇಳಬೇಕು. ನಾನು ನೋಡಿದ ಬಹಳಷ್ಟು ಕಡೆ ಬಜೆಟ್ ಮೊತ್ತದ ಬಗ್ಗೆ ಗಂಟೆಗಟ್ಟಲೆ ಜಗಳ ನಡೆಯುತ್ತದೆ, ನಿಯಮದ ಬಗ್ಗೆ ಒಂದು ಮಾತೂ ಬರುವುದಿಲ್ಲ.

ಫೋಟೊಶಾಪ್ ಮಾಡುವ ಅಡೋಬಿ ಕಂಪನಿಯ ಕತೆಯನ್ನು ನಾನು ಸಲಹೆ ಕೇಳಿ ಬಂದವರಿಗೆ ಪದೇ ಪದೇ ಹೇಳುತ್ತೇನೆ. ಅದು ಡಬ್ಬದಲ್ಲಿ ಸಾಫ್ಟ್‌ವೇರ್ ಮಾರುತ್ತಿತ್ತು. ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಮುಗಿಯಿತು, ಮುಂದಿನ ಆವೃತ್ತಿಯನ್ನು ಕೊಳ್ಳುವುದು ಬಿಡುವುದು ಗ್ರಾಹಕರ ಇಷ್ಟ. 2012ರಲ್ಲಿ ಕ್ರಿಯೇಟಿವ್ ಕ್ಲೌಡ್ ಹೆಸರಲ್ಲಿ ತಿಂಗಳ ಚಂದಾ ಶುರು ಮಾಡಿದರು. 2013ರಲ್ಲಿ ಇನ್ನು ಮುಂದೆ ಹೊಸ ಆವೃತ್ತಿಗಳು ಚಂದಾದಲ್ಲಿ ಮಾತ್ರ ಎಂದರು. ಬಳಕೆದಾರರು ಸಿಟ್ಟಾದರು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಕಂಪನಿಯ ಲೆಕ್ಕದಲ್ಲೂ ಪೆಟ್ಟು ಕಂಡಿತು. 2012ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ವರಮಾನ 2013ರಲ್ಲಿ ಸುಮಾರು 406 ಕೋಟಿಗೆ ಇಳಿಯಿತು. ನಿವ್ವಳ ಲಾಭ 83 ಕೋಟಿಯಿಂದ 29 ಕೋಟಿಗೆ ಬಿತ್ತು. ಇಂಥ ಅಂಕಿ ನೋಡಿದರೆ ಯಾವ ಬೋರ್ಡ್ ಆದರೂ ಹೆದರುತ್ತದೆ, ಅಲ್ವಾ?

ಅಡೋಬಿ ಬುದ್ಧಿವಂತಿಕೆ ಇದ್ದದ್ದು ಇಲ್ಲಿ. ವರಮಾನ ಇಳಿಯುತ್ತದೆ ಎಂದು ಹೂಡಿಕೆದಾರರಿಗೆ ಮುಂಚೆಯೇ ಹೇಳಿತು. ಬರೀ ಅಷ್ಟೇ ಹೇಳಿ ಕೈಬಿಡಲಿಲ್ಲ. ಹಳೆಯ ಅಳತೆಗೋಲಿನ ಬದಲು ಹೊಸದನ್ನು ಕೊಟ್ಟಿತು. ಎಷ್ಟು ಚಂದಾದಾರರಾದರು, ವರ್ಷಕ್ಕೆ ಮರುಮರಳಿ ಬರುವ ವರಮಾನ ಎಷ್ಟಾಯಿತು, ಇವನ್ನು ನೋಡಿ ನಮ್ಮನ್ನು ಅಳೆಯಿರಿ ಎಂದಿತು. 2015ಕ್ಕೆ ವರಮಾನ ಸುಮಾರು 480 ಕೋಟಿ ಡಾಲರ್ ಮುಟ್ಟಿತು, ಆಮೇಲೆ ಏರುತ್ತಲೇ ಹೋಯಿತು. ಹೊಸ ದಾರಿ ಹಿಡಿಯುವ ಕಂಪನಿಯಲ್ಲಿ ಮೊದಲು ಕೆಡುವುದು ಹಳೆಯ ಅಂಕಿಗಳು. ಯಾವ ಅಂಕಿ, ಎಷ್ಟು ಕಾಲ ಕೆಡುತ್ತದೆ ಎಂದು ಮೊದಲೇ ಬರೆದು ಹಂಚದಿದ್ದರೆ ಎರಡನೇ ತ್ರೈಮಾಸಿಕದಲ್ಲೇ ಯಾರೋ ಒಬ್ಬರು ಯೋಜನೆ ನಿಲ್ಲಿಸಿಬಿಡುತ್ತಾರೆ. ನಾನು ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ.

ಚಂದಾ ಎಂದರೆ ಎಲ್ಲಕ್ಕೂ ಮದ್ದು ಎಂದು ಹೇಳುತ್ತಿಲ್ಲ. ಚಂದಾ ಅವಧಿಗೆ ಮುಂಚೆ ಬಿಟ್ಟರೆ ಕೊಡಬೇಕಾದ ಶುಲ್ಕವನ್ನು ಮರೆಮಾಚಲಾಗಿದೆ ಎಂದು 2024ರಲ್ಲಿ ಅಮೆರಿಕ ಸರ್ಕಾರ ಅಡೋಬಿ ಮೇಲೇ ಮೊಕದ್ದಮೆ ಹೂಡಿತು. ಒಳಬರುವ ಬಾಗಿಲು ದೊಡ್ಡದು, ಹೊರಹೋಗುವ ಬಾಗಿಲು ಕಿರಿದು ಎಂದು ಗ್ರಾಹಕರಿಗೆ ಒಮ್ಮೆ ಅನ್ನಿಸಿದರೆ ಯಾವ ಜಾಹೀರಾತೂ ಅದನ್ನು ಸರಿಪಡಿಸುವುದಿಲ್ಲ.

ಜಾಹೀರಾತಿನ ಮಾತು ಬಂದಿದ್ದರಿಂದ ಮಾರ್ಕೆಟಿಂಗ್ ಬಜೆಟ್‌ಗೆ ಬರುತ್ತೇನೆ. ಇಲ್ಲಿ ಹಣ ದಾರಿ ತಪ್ಪುವ ಬಗೆ ಬೇರೆ. ಸುಲಭವಾಗಿ ಅಳೆಯಲು ಆಗುವ ಕಡೆಗೆ ಅದು ತಾನಾಗಿ ಹರಿಯುತ್ತದೆ. ಕ್ಲಿಕ್ ಎಣಿಸಬಹುದು, ಹಾಗಾಗಿ ಕ್ಲಿಕ್‌ಗೆ ಹಣ. ಆ ಕ್ಲಿಕ್ ಜಾಹೀರಾತು ಇಲ್ಲದಿದ್ದರೂ ಬರುತ್ತಿತ್ತೇ ಎಂದು ಕೇಳುವವರು ಕಡಿಮೆ. ಆನ್‌ಲೈನ್‌ನಲ್ಲಿ ಕೊಳ್ಳುವ, ಮಾರುವ ತಾಣ ಇಬೇ ಕೇಳಿತು. ಜನ ಹುಡುಕಾಟದಲ್ಲಿ ‘ಇಬೇ’ ಎಂದೇ ಟೈಪ್ ಮಾಡಿದಾಗ ಮೇಲೆ ಕಾಣುವ ಜಾಹೀರಾತಿಗೆ ಅದು ದುಡ್ಡು ಕೊಡುತ್ತಿತ್ತು. 2012ರಲ್ಲಿ ಕೆಲವು ಸರ್ಚ್ ಎಂಜಿನ್‌ಗಳಲ್ಲಿ ಅದನ್ನು ನಿಲ್ಲಿಸಿ ನೋಡಿದರು. ಹೆಚ್ಚೂಕಡಿಮೆ ಅಷ್ಟೂ ಜನ ಕೆಳಗಿದ್ದ ಉಚಿತ ಕೊಂಡಿ ಒತ್ತಿ ಸೈಟಿಗೆ ಬಂದರು. ಬಾಗಿಲಿಗೆ ಬಂದೇ ಬಿಟ್ಟವರನ್ನು ಕರೆತರಲು ಅಷ್ಟು ದಿನ ಸುಮ್ನೆ ದುಡ್ಡು ಸುರಿದಂತಾಗಿತ್ತು. ಬೇರೆ ಪದಗಳ ಜಾಹೀರಾತಿನಲ್ಲೂ, ಮೊದಲೇ ಪದೇ ಪದೇ ಕೊಳ್ಳುತ್ತಿದ್ದವರ ಮೇಲೆ ಪರಿಣಾಮ ಇರಲಿಲ್ಲ, ಹೊಸಬರ ಮೇಲೆ ಮಾತ್ರ ಒಂದಿಷ್ಟು ಇತ್ತು. ಸಾಬೂನು ಪುಡಿ, ಶಾಂಪೂ ಮಾರುವ ಪಿ ಅಂಡ್ ಜಿ 2017ರಲ್ಲಿ ಡಿಜಿಟಲ್ ಜಾಹೀರಾತಿನಿಂದ 20 ಕೋಟಿ ಡಾಲರ್ ಕಡಿತ ಮಾಡಿತು. ಅದರಿಂದ ವ್ಯವಹಾರಕ್ಕೆ ಪೆಟ್ಟು ಬೀಳಲಿಲ್ಲ.

ಇದನ್ನು ಮಾಡಿ ನೋಡಲು ಇಬೇಯಷ್ಟು ದೊಡ್ಡ ಕಂಪನಿ ಬೇಕಿಲ್ಲ. ನಿಮ್ಮ ಮಾರುಕಟ್ಟೆಯ ಕೆಲವು ಪ್ರದೇಶಗಳಲ್ಲಿ ಒಂದು ಬಗೆಯ ಜಾಹೀರಾತನ್ನು ಕೆಲವು ವಾರ ಪೂರ್ತಿ ನಿಲ್ಲಿಸಿ. ಅವಕ್ಕೆ ಹೋಲುವ ಬೇರೆ ಪ್ರದೇಶಗಳಲ್ಲಿ ಹಾಗೇ ಬಿಡಿ. ಒಟ್ಟು ಮಾರಾಟ ಹೋಲಿಸಿ. ಜಾಹೀರಾತು ಮಾರುವ ಪ್ಲಾಟ್‌ಫಾರ್ಮ್ ತಾನೇ ಕೊಡುವ ವರದಿಗಿಂತ ಇದು ಹೆಚ್ಚು ನಂಬಬಹುದಾದ ಲೆಕ್ಕ. ಆದರೆ ಇದಕ್ಕೆ ಒಂದು ಅಡ್ಡಿ ಇದೆ. ಮಾರ್ಕೆಟಿಂಗ್ ಮುಖ್ಯಸ್ಥರ ವರ್ಷದ ಗುರಿ ಕ್ಲಿಕ್ ಲೆಕ್ಕದಲ್ಲೇ ಇದ್ದರೆ ಅವರು ಈ ಪ್ರಯೋಗಕ್ಕೆ ಮನಸ್ಸಿಟ್ಟು ಒಪ್ಪುವುದಿಲ್ಲ. ಅದು ಅವರ ತಪ್ಪಲ್ಲ. ಗುರಿ ಬರೆದವರ ತಪ್ಪು.

ಪ್ಲಾಟ್‌ಫಾರ್ಮ್‌ಗಳ ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಆಪಲ್, ಬೇರೆ ಆ್ಯಪ್‌ಗಳಲ್ಲಿ ನಿಮ್ಮನ್ನು ಹಿಂಬಾಲಿಸಲು ಒಪ್ಪಿಗೆ ಇದೆಯೇ ಎಂದು ಬಳಕೆದಾರರನ್ನು ಕೇಳಬೇಕೆಂಬ ನಿಯಮ ತಂದಿತು. ಅದರಿಂದ 2022ರಲ್ಲಿ ತನಗೆ ಸುಮಾರು 1000 ಕೋಟಿ ಡಾಲರ್ ಹೊಡೆತ ಬೀಳಬಹುದು ಎಂದು ಫೇಸ್‌ಬುಕ್‌ನ ಒಡೆಯ ಮೆಟಾ ಹೇಳಿತು. ಅತ್ತ ಗೂಗಲ್ ತನ್ನ ಬ್ರೌಸರ್‌ನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು (ಜನರನ್ನು ಸೈಟಿನಿಂದ ಸೈಟಿಗೆ ಹಿಂಬಾಲಿಸಲು ಜಾಹೀರಾತಿನವರು ಬಳಸುವ ಸಣ್ಣ ಫೈಲು) ತೆಗೆದುಹಾಕುತ್ತೇನೆ ಎಂದು 2020ರಲ್ಲಿ ಘೋಷಿಸಿ, ಗಡುವು ಮುಂದೂಡುತ್ತಾ ಬಂದು, 2024ರಲ್ಲಿ ಆ ಯೋಜನೆಯನ್ನೇ ಬಿಟ್ಟಿತು. ಇವೆರಡನ್ನೂ ನೋಡಿದ ಮೇಲೆ ನನ್ನ ಸಲಹೆ ಸರಳವಾಗಿದೆ. ಒಪ್ಪಿಗೆ ಪಡೆದು ನೀವೇ ಕಟ್ಟಿಕೊಂಡ ಗ್ರಾಹಕರ ಪಟ್ಟಿಗೆ ಬಜೆಟ್‌ನಲ್ಲಿ ಬೇರೆಯೇ ಸಾಲು ಇರಲಿ. ಬೇರೆಯವರ ಅಂಗಳದಲ್ಲಿ ಕಟ್ಟಿದ್ದನ್ನು ಅವರು ಕೇಳದೆಯೇ ಕೆಡವಬಹುದು.

ಅವಸರವೂ ಒಳ್ಳೆಯದಲ್ಲ. ಆಪಲ್ ಮಳಿಗೆಗಳನ್ನು ಕಟ್ಟಿದ ರಾನ್ ಜಾನ್ಸನ್ 2011ರ ಕೊನೆಗೆ ಅಮೆರಿಕದ ಮಳಿಗೆಗಳ ಸರಣಿ ಜೆಸಿ ಪೆನ್ನಿಯ ಮುಖ್ಯಸ್ಥರಾದರು. ಕೂಪನ್, ರಿಯಾಯಿತಿ ಮಾರಾಟ ಎಲ್ಲ ತೆಗೆದು ದಿನವೂ ಒಂದೇ ಬೆಲೆ ಎಂದರು. ಯೋಚನೆ ಕೇಳಲು ಚೆನ್ನಾಗಿತ್ತು. ಮೊದಲು ಕೆಲವು ಮಳಿಗೆಗಳಲ್ಲಿ ಮಾಡಿ ನೋಡದೆ ಎಲ್ಲ ಕಡೆ ಒಟ್ಟಿಗೇ ಜಾರಿಗೆ ತಂದರು. 2012ರಲ್ಲಿ ಮಾರಾಟ ಸುಮಾರು ಕಾಲು ಭಾಗ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಅವರು ಹೊರಹೋಗಬೇಕಾಯಿತು. ರಿಯಾಯಿತಿ ಹುಡುಕಿ ಬರುವುದೇ ಆ ಗ್ರಾಹಕರಿಗೆ ಖುಷಿ ಕೊಡುತ್ತಿತ್ತು ಎಂದು ತಿಳಿಯಲು ನಾಲ್ಕೈದು ಮಳಿಗೆ ಸಾಕಾಗುತ್ತಿತ್ತು.

ಈಗ ಎಲ್ಲ ಕಂಪನಿಗಳೂ ಎಐ ಬಗ್ಗೆ ಕೇಳುತ್ತವೆ. ಯಾವ ಟೂಲ್ ತೆಗೆದುಕೊಳ್ಳಬೇಕು ಎಂಬುದೇ ಮೊದಲ ಪ್ರಶ್ನೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೆಲೆಯ ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಗಳು ಇಷ್ಟು ದಿನ ತಲೆಗೆ ಇಷ್ಟು ಎಂದು ಹಣ ಪಡೆಯುತ್ತಿದ್ದವು. ಗ್ರಾಹಕ ಸೇವೆಯ ಕೆಲಸದಲ್ಲಿ ನೂರು ಜನ ಕೂತಿದ್ದರೆ ನೂರು ಲೈಸೆನ್ಸ್. ಪ್ರಶ್ನೆಗಳಿಗೆ ಎಐ ಉತ್ತರಿಸತೊಡಗಿದರೆ ಕೂರುವವರು ಕಡಿಮೆಯಾಗುತ್ತಾರೆ, ಲೈಸೆನ್ಸೂ ಕಡಿಮೆ. ಅಂದರೆ ಸಾಫ್ಟ್‌ವೇರ್ ಕೆಲಸ ಚೆನ್ನಾಗಿ ಮಾಡಿದಷ್ಟೂ ಕಂಪನಿಯ ವರಮಾನ ಇಳಿಯುತ್ತದೆ. ಗ್ರಾಹಕ ಸೇವೆಯ ಸಾಫ್ಟ್‌ವೇರ್ ಮಾರುವ ಇಂಟರ್‌ಕಾಮ್ ಕಂಪನಿ 2023ರಲ್ಲಿ ತನ್ನ ಎಐ ಸಹಾಯಕನಿಗೆ, ಬಗೆಹರಿಸಿದ ಒಂದೊಂದು ಪ್ರಶ್ನೆಗೆ 99 ಸೆಂಟ್ ಎಂದು ಬೆಲೆ ಇಟ್ಟಿತು. ಇನ್ನೊಂದು ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ 2024ರಲ್ಲಿ ತನ್ನ ಎಐ ಗ್ರಾಹಕರ ಜೊತೆ ನಡೆಸುವ ಒಂದು ಮಾತುಕತೆಗೆ 2 ಡಾಲರ್ ಎಂದು ಶುರು ಮಾಡಿತು. ಈ ಎರಡರಲ್ಲಿ ಮೊದಲನೆಯದೇ ನನಗೆ ಮೆಚ್ಚುಗೆ, ಯಾಕೆಂದರೆ ಅಲ್ಲಿ ಕೆಲಸ ಆದರೆ ಮಾತ್ರ ದುಡ್ಡು.

ಆದರೆ ಬೆಲೆಪಟ್ಟಿ ಬದಲಿಸಿದ ಕೂಡಲೇ ಮಾರಾಟದವರ ಮುಂದೆ ಸಮಸ್ಯೆ ಎದ್ದು ನಿಲ್ಲುತ್ತದೆ. ಲೈಸೆನ್ಸ್ ಮಾರಿದರೆ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಕಮಿಷನ್ ಲೆಕ್ಕ ಸಿಗುತ್ತದೆ. ಬಗೆಹರಿದ ಪ್ರಶ್ನೆಗೆ ಹಣವೆಂದರೆ ವರಮಾನ ಬರುವುದು ಆರು ತಿಂಗಳು, ವರ್ಷದ ಮೇಲೆ, ಅದೂ ಬಳಕೆ ನಡೆದರೆ. ಹೊಟ್ಟೆಪಾಡಿನ ಪ್ರಶ್ನೆ, ಹಾಗಾಗಿ ಅವರು ಹಳೆಯ ಲೈಸೆನ್ಸನ್ನೇ ಮಾರುತ್ತಾರೆ. ಇಂಥ ಬದಲಾವಣೆಗೆ ಹೊರಟವರಿಗೆ ನಾನು ಕೊಡುವ ಕೆಲಸ ಇದು: ಮೊದಲ ವರ್ಷ ಹೊಸ ಬಗೆಯ ಒಪ್ಪಂದಕ್ಕೆ ಅಂದಾಜು ಬಳಕೆಯ ಮೇಲೆ ಮುಂಗಡ ಕಮಿಷನ್ ಕೊಡಿ, ನಿಜವಾದ ಬಳಕೆ ಬಂದ ಮೇಲೆ ಬಾಕಿ ಲೆಕ್ಕ ಮುಗಿಸಿ. ಇದನ್ನು ಹಣಕಾಸು ವಿಭಾಗದವರ ಜೊತೆ ಕೂತು ಬರೆದು, ಸಹಿ ಹಾಕಿಸಿಕೊಂಡು, ಆಮೇಲೆ ಹೊಸ ಬೆಲೆಯನ್ನು ಹೊರಗೆ ಹೇಳಿ.