ಓರ್ಕಾಗಳ ಕಣ್ಣು ಚುಕ್ಕಾಣಿಯ ಮೇಲೆ

2020ರಿಂದ ಜಿಬ್ರಾಲ್ಟರ್ ಜಲಸಂಧಿ, ಪೋರ್ಚುಗಲ್, ಸ್ಪೇನಿನ ಗಲೀಸಿಯಾ ಕರಾವಳಿಗಳಲ್ಲಿ ಓರ್ಕಾಗಳು (ಕಿಲ್ಲರ್ ವೇಲ್‌ಗಳು) ಹಾಯಿದೋಣಿಗಳ ಚುಕ್ಕಾಣಿ, ಅಂದರೆ ದಿಕ್ಕು ತಿರುಗಿಸುವ ನೀರಿನೊಳಗಿನ ಹಲಗೆ, ಮುರಿಯುತ್ತಿವೆ. ಕೆಲವು ದೋಣಿಗಳು ಮುಳುಗಿಯೂ ಹೋದವು. ಮನುಷ್ಯನ ಮೇಲೆ ಸೇಡು ಎಂಬ ಮಾತು ಬೇಗ ಹಬ್ಬಿತು. ಓರ್ಕಾ ದೋಣಿಯ ಬಳಿ ಏನು ಮಾಡುತ್ತದೆ ಎಂದು ಗಮನಿಸಿದರೆ ಆ ಮಾತಿಗೆ ಆಧಾರ ಸಿಗುವುದಿಲ್ಲ.

ಅದು ಹೆಚ್ಚಾಗಿ ಹಿಂದಿನಿಂದ, ಸದ್ದಿಲ್ಲದೆ ಬರುತ್ತದೆ. ಚುಕ್ಕಾಣಿಯ ಹಲಗೆಗೆ ತಲೆಕೊಟ್ಟು ನೂಕುತ್ತದೆ. ಮೇಲೆ ಸ್ಟೀರಿಂಗ್ ಚಕ್ರ ಗಿರ್ರನೆ ಒಂದು ಕಡೆಗೆ ತಿರುಗಿ, ತಡೆಗೆ ಬಡಿದು, ಮತ್ತೆ ವಾಪಸು ತಿರುಗುತ್ತದೆ. ಹಲಗೆ ಮುರಿದು ಬಿದ್ದ ಮೇಲೆ ಸಾಮಾನ್ಯವಾಗಿ ಅದಕ್ಕೆ ಆಸಕ್ತಿಯೇ ಉಳಿಯುವುದಿಲ್ಲ. ಲೈಫ್‌ರಾಫ್ಟ್ ಹತ್ತಿದವರ ಬೆನ್ನು ಹತ್ತಿಲ್ಲ. ನೀಲಿ ತಿಮಿಂಗಿಲವನ್ನೇ ಗುಂಪುಕಟ್ಟಿ ಕೊಲ್ಲಬಲ್ಲ ಪ್ರಾಣಿ ಇದು. ಬೇಟೆಯ ವರ್ತನೆ ಹೀಗಿರುವುದಿಲ್ಲ.

ಹಾಗಾದರೆ ಏನು? ಹೆಚ್ಚಿನ ಸಂಶೋಧಕರು ಈಗ ಒಲಿಯುವುದು ಆಟ ಎಂಬ ವಿವರಣೆಗೆ. ತೊಡಗಿರುವವುಗಳಲ್ಲಿ ಬಹುಪಾಲು ಎಳೆಯವು, ಒಂದರಿಂದ ಒಂದು ಕಲಿತವು. 1987ರಲ್ಲಿ ಅಮೆರಿಕದ ಪ್ಯೂಜೆಟ್ ಸೌಂಡ್‌ನ ಓರ್ಕಾಗಳು ಸತ್ತ ಸಾಲ್ಮನ್ ಮೀನನ್ನು ತಲೆಯ ಮೇಲೆ ಹೊತ್ತು ತಿರುಗುವ ಗೀಳು ಹಚ್ಚಿಕೊಂಡಿದ್ದವು. ಅದೂ ಹೀಗೇ ಗುಂಪಿನಿಂದ ಗುಂಪಿಗೆ ಹಬ್ಬಿತ್ತು. ದೋಣಿಯಿಂದ ಪೆಟ್ಟು ತಿಂದ ಹೆಣ್ಣೊಂದು ಇದನ್ನು ಶುರುಮಾಡಿತು ಎಂಬ ವಾದವೂ ಇದೆ. ಆ ಪೆಟ್ಟನ್ನು ಕಂಡವರಿಲ್ಲ; ನನಗೆ ಅದು ದುರ್ಬಲ ವಾದ.

ಚುಕ್ಕಾಣಿಯೇ ಏಕೆ? ದೋಣಿಯಲ್ಲಿ ನೂಕಿದರೆ ಅಲುಗುವ, ತಿರುಗಿ ನೂಕುವ ಭಾಗ ಅದೊಂದೇ. ಇಂದಿನ 10–15 ಮೀಟರ್ ದೋಣಿಗಳಲ್ಲಿ ಹೆಚ್ಚಿನವುಗಳ ಹಲಗೆ ಒಂದೇ ದಂಡದಿಂದ ನೇತಾಡುತ್ತದೆ, ಕೆಳತುದಿಗೆ ಆಧಾರವಿಲ್ಲ. ಆ ತುದಿಗೆ ಬಿದ್ದ ಗುದ್ದು ಸನ್ನೆಗೋಲಿನಂತೆ ದಂಡವನ್ನು ಬಾಗಿಸಿ, ದಂಡ ಒಳಬರುವ ಕೊಳವೆಯ ಸುತ್ತಲಿನ ಫೈಬರ್‌ಗ್ಲಾಸನ್ನು ಸೀಳುತ್ತದೆ. ದೋಣಿ ಮುಳುಗುವುದು ಹಲಗೆ ಹೋದದ್ದರಿಂದಲ್ಲ, ಈ ಸೀಳಿನಿಂದ. ಆದ್ದರಿಂದ ಮೊದಲ ಗುದ್ದಿಗೇ ಒಬ್ಬರು ಹಿಂಭಾಗದ ಮುಚ್ಚಳ ತೆರೆದು ಕೊಳವೆಯ ಬುಡ ನೋಡಬೇಕು. ಸೀಳಿಗೆ ಮರದ ಬಿರಡೆ ಕೂರುವುದಿಲ್ಲ. ಬಟ್ಟೆ ತುರುಕಿ, ದಿಂಬು ಒತ್ತಿ, ಹುಟ್ಟುಗೋಲಿನಿಂದ ಒತ್ತಿಹಿಡಿದು ಪಂಪ್ ಓಡಿಸಬೇಕು.

ಹಾಯಿ ಇಳಿಸಿ ನಿಂತುಬಿಡಿ ಎಂಬುದು ಮೊದಲಿನ ಸಲಹೆಯಾಗಿತ್ತು. ಈಗ ಸ್ಪೇನಿನ ಅಧಿಕಾರಿಗಳು ನಿಲ್ಲದೆ, ದಡದ ಕಡೆಗೆ, ಆಳ ಕಡಿಮೆಯಿರುವಲ್ಲಿಗೆ ಸಾಗಲು ಹೇಳುತ್ತಾರೆ. ಗುದ್ದು ಬೀಳುವಾಗ ಆಟೋಪೈಲಟ್ ಬಿಡಿಸಿ, ಚಕ್ರದಿಂದ ಕೈ ತೆಗೆಯಿರಿ. ಹಿಡಿದ ಕೈ ಮುರಿಯಬಹುದು. ಎಲ್ಲರೂ ಅಂಚು ಬಿಟ್ಟು ನಡುವೆ ಕೂರಲಿ, ವಿಎಚ್‌ಎಫ್ (ಕಡಲ ರೇಡಿಯೊ) 16ನೇ ಚಾನೆಲ್‌ನಲ್ಲಿ ತಿಳಿಸಿ. ಅವನ್ನು ಓಡಿಸಲು ಪಟಾಕಿ, ಡೀಸೆಲ್ ಖಂಡಿತ ಬೇಡ: ಉಳಿದಿರುವ ಐಬೀರಿಯನ್ (ಈ ಕರಾವಳಿಯ) ಓರ್ಕಾಗಳು 50ಕ್ಕೂ ಕಡಿಮೆ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವು ಟ್ಯೂನಾ ಹಿಂದೆ ಜಲಸಂಧಿಗೆ ಬರುತ್ತವೆ. ಆಗ ದಡದ ಪಕ್ಕದ ಹಾದಿಯೇ ವಾಸಿ. ಆದರೆ ಸ್ಪೇನಿನ ಬಾರ್ಬಾಟೆ, ಕೊನಿಲ್ ಊರುಗಳ ಬಳಿ ವಸಂತದಲ್ಲಿ ಅದೇ ಟ್ಯೂನಾಗೆಂದು ದಡದಿಂದ ಬಹುದೂರದವರೆಗೆ ಅಲ್ಮಾದ್ರಾಬಾ ಎಂಬ ಸ್ಥಿರ ಬಲೆ ಕಟ್ಟಿರುತ್ತಾರೆ. ಹೊರಡುವ ಮುನ್ನ ಅವುಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ, ಆ ಪಟ್ಟಿಯನ್ನು ಹಗಲಲ್ಲೇ ದಾಟಿ.