ಕುದುರೆಗಳ ಜೊತೆ ನೆಲೆಸಲು ಸಕಲೇಶಪುರವೋ, ಮೈಸೂರು ಸೀಮೆಯೋ?

ಪ್ರಶ್ನೆ: ನಾವು ಗಂಡಹೆಂಡತಿ ಬೆಂಗಳೂರಿನಲ್ಲಿದ್ದೇವೆ. ನಮ್ಮ ಎರಡು ಕುದುರೆಗಳನ್ನು ನಗರದ ಹೊರವಲಯದ ಲಾಯವೊಂದರಲ್ಲಿ ತಿಂಗಳ ಬಾಡಿಗೆಗೆ ಬಿಟ್ಟಿದ್ದೇವೆ. ಇನ್ನು ಮುಂದೆ ಅವುಗಳನ್ನು ಮನೆಯ ಪಕ್ಕದಲ್ಲೇ ಇಟ್ಟುಕೊಂಡು, ಬೆಳಿಗ್ಗೆ ಎದ್ದು ಹೊಲ, ಗುಡ್ಡ, ಕೆರೆ ಏರಿಗಳ ಮೇಲೆ ಸವಾರಿ ಹೋಗುವಂಥ ಕಡೆ ನೆಲೆಸಬೇಕೆಂದಿದ್ದೇವೆ. ಸಕಲೇಶಪುರದ ಮೇಲೆ ನಮಗೆ ಮನಸ್ಸಿದೆ, ಮೈಸೂರು ಸುತ್ತಮುತ್ತ ನೋಡಿ ಎನ್ನುವವರೂ ಇದ್ದಾರೆ. ಎಲ್ಲಿ ಜಾಗ ಕೊಳ್ಳುವುದು ಒಳ್ಳೆಯದು?

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಅನೇಕರು ಕೇಳುತ್ತಾರೆ, ಮತ್ತು ಕೇಳುವವರಲ್ಲಿ ಹೆಚ್ಚಿನವರ ಮನಸ್ಸು ಆಗಲೇ ಮಲೆನಾಡಿನ ಕಡೆ ವಾಲಿರುತ್ತದೆ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಮಂಜಿನ ನಡುವೆ, ಯಾರದೋ ಕಾಫಿ ತೋಟದಲ್ಲಿ ನಿಂತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕುದುರೆ ಆ ಜಾಗದಲ್ಲಿ ಜುಲೈ ತಿಂಗಳನ್ನೂ ಕಳೆಯಬೇಕು. ಆದ್ದರಿಂದ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ವರ್ಷವಿಡೀ ಕುದುರೆಗಳ ಜೊತೆ ಇರುವುದಾದರೆ ಮಲೆನಾಡನ್ನು ಬಿಡಿ, ಕೆಂಪು ಮಣ್ಣಿನ, ರಾಗಿ ಹುರುಳಿ ಬೆಳೆಯುವ ಬಯಲುಸೀಮೆಯಲ್ಲಿ, ಗೇಟು ದಾಟಿದೊಡನೆ ಮಣ್ಣಿನ ದಾರಿ ಸಿಗುವ ಊರೊಂದನ್ನು ಹುಡುಕಿ.

ಇದಕ್ಕೆ ಮೊದಲ ಕಾರಣ ಗೊರಸು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ ಸಕಲೇಶಪುರದಲ್ಲಿ ಅದು 2,000 ಮಿಲಿಮೀಟರನ್ನು ದಾಟುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಆಗಸ್ಟ್‌ನಲ್ಲಿ ಆ ಕಡೆಯ ಪರಿಚಿತರೊಬ್ಬರ ತೋಟಕ್ಕೆ ಹೋಗಿದ್ದೆ. ಲಾಯ ಚೆನ್ನಾಗಿತ್ತು, ಮೇವು ಚೆನ್ನಾಗಿತ್ತು, ಕುದುರೆಯ ಮೈಯೂ ಹೊಳೆಯುತ್ತಿತ್ತು. ಹಿಂಗಾಲನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೊಕ್ಕೆಯಿಂದ ಕೆಸರು ತೆಗೆದಾಗ, ಗೊರಸಿನ ನಡುವೆ ರಬ್ಬರಿನಂತೆ ಗಟ್ಟಿಯಾಗಿ ಇರಬೇಕಾಗಿದ್ದ ತ್ರಿಕೋನಾಕಾರದ ಭಾಗ ಕಪ್ಪಗಾಗಿ, ಕೊಕ್ಕೆ ತಾಗಿದಲ್ಲೆಲ್ಲ ಮೊಸರಿನ ಗಡ್ಡೆಯಂತೆ ಕಿತ್ತುಬಂತು. ಕೊಳೆತ ವಾಸನೆ ಕೈಯಲ್ಲಿ ಸಂಜೆಯವರೆಗೂ ಉಳಿದಿತ್ತು. ಕುದುರೆ ಕಾಲು ಎಳೆದುಕೊಂಡು ನಡುಗಿತು. ಅದು ಯಾರ ನಿರ್ಲಕ್ಷ್ಯವೂ ಆಗಿರಲಿಲ್ಲ. ದಿನಕ್ಕೆರಡು ಸಲ ಗೊರಸು ತೊಳೆದು ಔಷಧಿ ಹಚ್ಚುತ್ತಿದ್ದರು. ನಾಲ್ಕು ತಿಂಗಳು ನೆಲವೇ ಒಣಗದಿದ್ದರೆ ಗೊರಸು ಒಣಗುವುದು ಎಲ್ಲಿ? ಅದೇ ತಿಂಗಳುಗಳಲ್ಲಿ ಜಿಗಣೆ, ಒದ್ದೆ ಚರ್ಮದ ಮೇಲೆ ಬರುವ ಹುಣ್ಣು, ಬೂಷ್ಟು ಹಿಡಿಯುವ ಒಣಹುಲ್ಲು ಇವೆಲ್ಲ ಒಟ್ಟಿಗೆ ಬರುತ್ತವೆ. ಬೂಷ್ಟು ಹಿಡಿದ ಹುಲ್ಲನ್ನು ಹಸು ಒಂದು ಮಟ್ಟಿಗೆ ತಾಳಿಕೊಂಡೀತು, ಕುದುರೆ ತಾಳಿಕೊಳ್ಳುವುದಿಲ್ಲ. ಅದರ ಹೊಟ್ಟೆ ಮತ್ತು ಶ್ವಾಸಕೋಶ ಎರಡೂ ಬಹಳ ನಾಜೂಕು.

ಮಳೆ ನಿಂತ ಮೇಲಾದರೂ ಸವಾರಿಗೆ ಸ್ವರ್ಗವಲ್ಲವೇ ಎಂದು ನೀವು ಕೇಳಬಹುದು. ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಓಡಾಟ ಎಷ್ಟೆಂಬುದು ಅಲ್ಲಿ ಬೆಳಗಿನ ಕೆಲಸಕ್ಕೆ ಹೋಗುವ ಕಾರ್ಮಿಕರನ್ನು ಕೇಳಿದರೆ ತಿಳಿಯುತ್ತದೆ. ತಂಪು ಹೊತ್ತೆಂದು ನೀವು ಸವಾರಿಗೆ ಆರಿಸಿಕೊಳ್ಳುವ ಬೆಳಗಿನ ಐದೂವರೆ, ಆರು ಗಂಟೆಯೇ ಆನೆ ತೋಟದಿಂದ ಕಾಡಿಗೆ ಮರಳುವ ಹೊತ್ತು. ಆನೆಯ ವಾಸನೆ ಹಿಡಿದ ಕುದುರೆ ಕಾಫಿ ಗಿಡಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ತಿರುಗಿ ಓಡಿದರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೂ ಉತ್ತರಕ್ಕೆ, ತೀರ್ಥಹಳ್ಳಿ, ಸಾಗರ, ಸಿದ್ದಾಪುರಗಳ ಕಡೆ ನೋಡುವುದಾದರೆ ಮಂಗನ ಕಾಯಿಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವು ಉಣುಗುಗಳ ಮೂಲಕ ಮನುಷ್ಯರಿಗೆ ಹರಡುತ್ತದೆ, ಮತ್ತು ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿ. ಅಂದರೆ ಮಳೆಗಾಲದಲ್ಲಿ ದಾರಿ ಇಲ್ಲ, ದಾರಿ ತೆರೆದ ಕಾಲದಲ್ಲಿ ಕಾಡಿನ ಅಂಚಿಗೆ ಹೋಗುವುದು ಕ್ಷೇಮವಲ್ಲ. ಮಲೆನಾಡನ್ನು ನಾನೂ ಪ್ರೀತಿಸುತ್ತೇನೆ. ಅಲ್ಲಿಗೆ ಕುದುರೆಯಿಲ್ಲದೆ ಹೋಗುತ್ತೇನೆ.

ಉತ್ತರ ಕರ್ನಾಟಕದ ಎರೆಭೂಮಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗದಗ, ವಿಜಯಪುರ, ಕಲಬುರಗಿಯ ಕಪ್ಪು ಮಣ್ಣು ಮಳೆಯಲ್ಲಿ ಗೊರಸಿಗೆ ಮುದ್ದೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಚಳಿಗಾಲದ ಮೂರು ತಿಂಗಳು ಮಾತ್ರ ಅಲ್ಲಿ ಸವಾರಿ ಸೊಗಸು. ಕರಾವಳಿಯ ಸೆಕೆಯೂ ಮಳೆಯೂ ಸೇರಿ ಕುದುರೆಯನ್ನು ದಣಿಸುತ್ತವೆ.

ಈಗ ಕೆಂಪು ಮಣ್ಣಿಗೆ ಬರೋಣ. ಕುಣಿಗಲ್, ನಾಗಮಂಗಲ, ಮಾಗಡಿ, ಚನ್ನರಾಯಪಟ್ಟಣ, ಮತ್ತು ಮೈಸೂರು ಜಿಲ್ಲೆಯ ಮಳೆಯಾಶ್ರಿತ ಹೊಲಗಳ ಪಟ್ಟಿ ಕುದುರೆಗೆ ಒಗ್ಗುವ ನೆಲ ಎಂಬುದು ಹೊಸ ಮಾತೇನಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದು. ಅಶ್ವದಳಕ್ಕೆ ಕುದುರೆ ಬೆಳೆಸಲು ಆ ಜಾಗವನ್ನೇ ಆರಿಸಿದ್ದರು. ಗರಸು ಬೆರೆತ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಜಾಗ ನೋಡಲು ಹೋದಾಗ ಮೊಣಕಾಲುದ್ದದ ಒಂದು ಗುಂಡಿ ತೋಡಿಸಿ, ಎರಡು ಬಿಂದಿಗೆ ನೀರು ಸುರಿದು, ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ನೋಡಿ. ಅರ್ಧ ಗಂಟೆಯಲ್ಲಿ ಇಂಗಿದರೆ ಅದು ಕುದುರೆಯ ನೆಲ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಮಾರುವವರು ಎಷ್ಟೇ ಹೊಗಳಿದರೂ ಮುಂದಿನ ಊರಿಗೆ ಹೋಗಿ. ಮಂಡ್ಯ ಜಿಲ್ಲೆಯಲ್ಲಿ ನೋಡುವಾಗ ನಾಲೆ ನೀರಿನ ಭತ್ತ, ಕಬ್ಬಿನ ಬಯಲನ್ನು ಬಿಟ್ಟು ಮೇಲ್ಭಾಗದ ಬೆದ್ದಲು ಹೊಲಗಳ ಕಡೆ ನೋಡಿ, ಏಕೆಂದರೆ ಗದ್ದೆ ಬಯಲಿನಲ್ಲಿ ಕುದುರೆ ಹೋಗಲು ಉಳಿಯುವುದು ಡಾಂಬರು ರಸ್ತೆ ಮತ್ತು ನಾಲೆ ಏರಿ ಮಾತ್ರ.

ಎರಡನೆಯದಾಗಿ, ಮತ್ತು ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ, ದಾರಿಯ ವಿಚಾರ. ಜಾಗದ ಒಳಗೆ ಎಷ್ಟು ಎಕರೆ ಇದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ಗೇಟಿನ ಹೊರಗೆ ಏನಿದೆ ಎಂದು ಕೇಳುವವರು ಕಡಿಮೆ. ಎರಡು ಕುದುರೆಗಳಿಗೆ ಎರಡೂವರೆ, ಮೂರು ಎಕರೆ ಸಾಕು. ಆದರೆ ಅತ್ಯುತ್ತಮ ಸವಾರಿ ದಾರಿ ಇಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದು, ಪ್ರತಿ ಸಲವೂ ಕುದುರೆಯನ್ನು ವಾಹನಕ್ಕೆ ಹತ್ತಿಸಿಕೊಂಡು ಹೋಗಬೇಕೆಂದಾದರೆ ಆರು ತಿಂಗಳಲ್ಲಿ ನೀವು ಹೋಗುವುದನ್ನೇ ಬಿಡುತ್ತೀರಿ. ಮನೆಯ ಗೇಟಿನಿಂದಲೇ ಶುರುವಾಗುವ ಸಾಧಾರಣ ಎಂಟು ಕಿಲೋಮೀಟರ್ ಮಣ್ಣಿನ ದಾರಿ ಅದಕ್ಕಿಂತ ಎಷ್ಟೋ ಮೇಲು.

ಆ ದಾರಿ ನಾಳೆಯೂ ಉಳಿಯುತ್ತದೆಯೇ ಎಂಬುದನ್ನು ತಿಳಿಯಲು ನಮ್ಮಲ್ಲಿ ಒಂದು ಒಳ್ಳೆಯ ಸಾಧನವಿದೆ. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ, ಗೋಮಾಳ ಎಲ್ಲವನ್ನೂ ಗುರುತಿಸಿರುತ್ತಾರೆ. ನಕಾಶೆ ಕಂಡ ದಾರಿಯನ್ನು ಯಾರೂ ಬೇಲಿ ಹಾಕಿ ಮುಚ್ಚುವಂತಿಲ್ಲ; ರೂಢಿಯಲ್ಲಿ ಓಡಾಡುವ ದಾರಿಗೆ ಆ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ, ಹೊಲ ಕೈ ಬದಲಾದ ದಿನ ಅಲ್ಲಿ ಕಲ್ಲುಕಂಬ ಏಳುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳನ್ನು ನೋಡಿಕೊಂಡು, ತಾಲ್ಲೂಕು ಸರ್ವೆ ಕಚೇರಿಯಲ್ಲಿ ಗ್ರಾಮ ನಕಾಶೆಯ ಪ್ರತಿ ಪಡೆದು, ನೀವು ಸವಾರಿ ಮಾಡಬೇಕೆಂದಿರುವ ದಾರಿಯನ್ನು ಅದರ ಮೇಲೆ ಬೆರಳಿಟ್ಟು ಹಿಂಬಾಲಿಸಿ. ಪಹಣಿಯಲ್ಲಿ "ಬ" ಖರಾಬು ಎಂದಿದ್ದರೆ ಅದು ದಾರಿ, ಹಳ್ಳಗಳಂಥ ಸಾರ್ವಜನಿಕ ಬಳಕೆಯ ಜಾಗ. ನಾನು ಹಿಂದೆ ಬಾಡಿಗೆಗಿದ್ದ ಜಾಗದಲ್ಲಿ ಇದನ್ನು ನೋಡಿರಲಿಲ್ಲ. ಎರಡು ವರ್ಷ ದಿನವೂ ಹೋಗುತ್ತಿದ್ದ ದಾರಿಗೆ ಒಂದು ಸೋಮವಾರ ಬೆಳಿಗ್ಗೆ ಮುಳ್ಳುತಂತಿ ಬಿದ್ದಿತ್ತು. ಹೊಸದಾಗಿ ಕೊಂಡವರ ತಪ್ಪೇನೂ ಇರಲಿಲ್ಲ, ಅದು ಅವರ ಹೊಲ. ಮಬ್ಬು ಬೆಳಕಿನಲ್ಲಿ ನನ್ನ ಕುದುರೆ ಆ ತಂತಿಯನ್ನು ಎದೆಯಿಂದ ಕಂಡುಕೊಂಡಿತು. ಹನ್ನೊಂದು ಹೊಲಿಗೆ ಹಾಕಿಸಬೇಕಾಯಿತು. ನಿಮ್ಮ ಸ್ವಂತ ಜಾಗಕ್ಕೂ ದಯವಿಟ್ಟು ಮುಳ್ಳುತಂತಿ ಹಾಕಿಸಬೇಡಿ.

ನಕಾಶೆಯ ದಾರಿಯ ಜೊತೆಗೆ ಬಯಲುಸೀಮೆಗೆ ಇನ್ನೊಂದು ಭಾಗ್ಯವಿದೆ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ, ಯುಗಾದಿಯ ಹೊತ್ತಿಗೆ ಮತ್ತೆ ಉಳುಮೆ ಶುರುವಾಗುವವರೆಗೆ, ಮಳೆಯಾಶ್ರಿತ ಹೊಲಗಳು ಕೂಳೆ ಹೊತ್ತು ಖಾಲಿ ಇರುತ್ತವೆ. ಕಾಲಿಗೆ ಮೆತ್ತಗೆ, ಕಣ್ಣಿಗೆ ವಿಶಾಲವಾಗಿರುವ ಆ ನೆಲದಲ್ಲಿ ಕುದುರೆಯನ್ನು ಓಡಿಸುವ ಸುಖ ಕಾಡುದಾರಿಯಲ್ಲಿ ಸಿಗುವುದಿಲ್ಲ. ಹೊಲದವರನ್ನು ಮೊದಲೇ ಹೋಗಿ ಕೇಳಬೇಕು, ಅವರೆ ಅಥವಾ ಹುರುಳಿ ಉಳಿದಿರುವ ಸಾಲನ್ನು ತುಳಿಯಬಾರದು. ನಮ್ಮೂರಿನಲ್ಲಿ ಇದು ಲದ್ದಿಯಿಂದ ಕುದುರಿತು. ಎರಡು ಕುದುರೆಗಳು ದಿನಕ್ಕೆ ಮೂವತ್ತು ಕಿಲೋಗೂ ಹೆಚ್ಚು ಲದ್ದಿ ಹಾಕುತ್ತವೆ. ತಿಪ್ಪೆಯಲ್ಲಿ ಕಳಿತ ಗೊಬ್ಬರವನ್ನು ಬೇಸಿಗೆಯಲ್ಲಿ ಪಕ್ಕದ ಹೊಲದ ರೈತರಿಗೆ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟೆ. ಮರುವರ್ಷ ಅವರೇ ಬಂದು, "ಬದುವಿನ ಮೇಲೆ ಸುತ್ತಿಕೊಂಡು ಯಾಕೆ ಹೋಗ್ತೀರಿ ಸ್ವಾಮಿ, ನಡುವೆಯೇ ಹೋಗಿ, ಕಣ ಮುಗೀತು" ಎಂದರು.

ಕಾಡಿನ ಪಕ್ಕದ ಜಾಗವೆಂದು ಹೆಚ್ಚು ಬೆಲೆ ಹೇಳಿದರೆ ಕೊಡಬೇಡಿ. ಮೀಸಲು ಅರಣ್ಯಕ್ಕೂ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕುದುರೆ ಒಯ್ಯುವುದು ಅಪರಾಧ, ಆ ಅನುಮತಿ ದಿನನಿತ್ಯದ ಸವಾರಿಗೆ ಸಿಗುವಂಥದ್ದಲ್ಲ. ಬನ್ನೇರುಘಟ್ಟ, ನಾಗರಹೊಳೆಗಳ ಅಂಚಿನ ಜಾಗಗಳಲ್ಲಿ ನಿಮಗೆ ದಾರಿ ಸಿಗದು, ಆನೆ ಮಾತ್ರ ಸಿಗುತ್ತದೆ. ಅಮೃತಮಹಲ್ ತಳಿಯ ದನಗಳಿಗೆಂದು ಕಾದಿರಿಸಿದ ಕಾವಲುಗಳ ಹುಲ್ಲುಗಾವಲು ನೋಡಿದರೆ ಯಾವ ಸವಾರನಿಗೂ ಆಸೆಯಾಗುತ್ತದೆ, ಆದರೆ ಅವು ಆ ತಳಿಯ ದನಗಳಿಗೂ, ಅಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೂ ಸೇರಿದ ಜಾಗ. ಬಯಲುಸೀಮೆಯಲ್ಲೂ ಚಿರತೆ ಇದೆ, ಮುಖ್ಯವಾಗಿ ಬಂಡೆಗುಡ್ಡಗಳಿರುವ ರಾಮನಗರ, ತುಮಕೂರು ಭಾಗಗಳಲ್ಲಿ. ರಾತ್ರಿ ಲಾಯದ ಬಾಗಿಲು ಹಾಕಿದರೆ ಸಾಕಾಗುತ್ತದೆ. ಅದೇ ಗುಡ್ಡಗಳಲ್ಲಿ ಕಲ್ಲುಗಣಿ ಇದೆಯೇ ಎಂದು ಮಾತ್ರ ವಿಚಾರಿಸಿ. ಸಿಡಿಮದ್ದಿನ ಸದ್ದಿಗೆ ಕೆಲವು ಕುದುರೆಗಳು ಎಂದೂ ಹೊಂದಿಕೊಳ್ಳುವುದಿಲ್ಲ, ಟಿಪ್ಪರುಗಳು ಓಡಾಡುವ ಮಣ್ಣುರಸ್ತೆ ಸವಾರಿಗೆ ಬರುವುದಿಲ್ಲ.

ಮೂರನೆಯದು ಲಾಳ, ಮೇವು, ವೈದ್ಯ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಹೊಡೆಯುವವರು ಬರಬೇಕು, ಮತ್ತು ಒಳ್ಳೆಯ ಕೈಯವರು ಕುದುರೆಗಳು ಹೆಚ್ಚಿರುವ ಊರುಗಳಲ್ಲೇ ಇರುತ್ತಾರೆ. ಬೆಂಗಳೂರು ಮತ್ತು ಮೈಸೂರು ಎರಡರಲ್ಲೂ ರೇಸ್ ಕೋರ್ಸ್ ಇದೆ. ಮೈಸೂರಿನಲ್ಲಿ ದಸರೆಯ ಮೆರವಣಿಗೆಯಲ್ಲಿ ನೀವು ನೋಡಿರುವ ಅಶ್ವಾರೋಹಿ ಪೊಲೀಸ್ ದಳವೂ ಇದೆ. ಈ ಎರಡು ನಗರಗಳಿಂದ ಒಂದೂವರೆ ಗಂಟೆಯ ಒಳಗಿರಿ ಎಂಬುದು ನನ್ನ ಖಚಿತ ಸಲಹೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ದನಗಳ ವಿಷಯದಲ್ಲಿ ಪಳಗಿದವರು, ಕುದುರೆ ಅವರ ಮುಂದೆ ಅಪರೂಪಕ್ಕೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಕುದುರೆ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳುತ್ತಿರುವಾಗ ಗಂಟೆಗಳು ಜೀವದ ಲೆಕ್ಕವಾಗುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹಾಸನದಲ್ಲಿಯೂ ಇದೆ. ನೀವು ನೋಡುವ ಜಾಗದಿಂದ ಅಲ್ಲಿಗೆ ರಾತ್ರಿ ಹೊತ್ತು ಕುದುರೆ ಸಾಗಿಸಲು ಎಷ್ಟು ಸಮಯ ಬೇಕೆಂದು ಮೊದಲೇ ಲೆಕ್ಕ ಹಾಕಿ.

ಮೇವಿನಲ್ಲಿ ಒಂದು ಎಚ್ಚರಿಕೆ. ನಾನೂರು ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳೆಂಟು ಕಿಲೋ ಒಣಹುಲ್ಲು, ಮೂವತ್ತು ಲೀಟರಿನಷ್ಟು ನೀರು ಬೇಕು, ಬೇಸಿಗೆಯಲ್ಲಿ ನೀರು ಇನ್ನೂ ಹೆಚ್ಚು. ಹಳ್ಳಿಯಲ್ಲಿ ಸುಲಭವಾಗಿ ಸಿಗುವುದು ಹಸುಗಳಿಗೆಂದು ಬೆಳೆದ ನೇಪಿಯರ್ ಸೀಮೆಹುಲ್ಲು. ಅದರಲ್ಲಿರುವ ಆಕ್ಸಲೇಟ್ ಕುದುರೆಯ ಮೈಗೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ; ತಿಂಗಳುಗಟ್ಟಲೆ ಅದನ್ನೇ ತಿಂದ ಕುದುರೆಯ ಮೂಳೆ ಸವೆದು, ಮುಖದ ಮೂಳೆ ಊದಿಕೊಂಡು, ಕಾರಣ ತಿಳಿಯದ ಕುಂಟು ಶುರುವಾಗುತ್ತದೆ. ಗರಿಕೆ ಚೆನ್ನಾಗಿ ಹಬ್ಬುವ, ಅರ್ಧ ಎಕರೆಯಲ್ಲಾದರೂ ಕುದುರೆಮಸಾಲೆ (ಲೂಸರ್ನ್ ಎಂಬ ಮೇವಿನ ಸೊಪ್ಪು) ಬೆಳೆಯುವಷ್ಟು ಬೋರ್‌ವೆಲ್ ನೀರಿರುವ ಜಾಗ ನೋಡಿ. ಹುರುಳಿಯಂತೂ ಅಕ್ಕಪಕ್ಕದಲ್ಲೇ ಸಿಗುತ್ತದೆ, ಬೇಯಿಸಿ ಮಿತವಾಗಿ ಕೊಡಿ. ಹೊಸ ಊರಿಗೆ ಹೋಗುವ ಮೊದಲು ಅಲ್ಲಿ ಮದುವೆ ಮೆರವಣಿಗೆಯ ಕುದುರೆ, ಗಾಡಿ ಕುದುರೆಗಳಿದ್ದರೆ ಅವುಗಳ ಆರೋಗ್ಯವನ್ನೂ ವಿಚಾರಿಸಿ. ಗ್ಲಾಂಡರ್ಸ್ ರೋಗ ಕುದುರೆಯಿಂದ ಮನುಷ್ಯರಿಗೂ ಹರಡುವಂಥದ್ದು. ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಯನ್ನು ಕೊಲ್ಲದೆ ಬೇರೆ ದಾರಿಯಿಲ್ಲ. ನಿಮ್ಮ ಎರಡೂ ಕುದುರೆಗಳ ರಕ್ತಪರೀಕ್ಷೆ ಮಾಡಿಸಿಕೊಂಡೇ ಹೊರಡಿ.

ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಅವಕಾಶ ಮಾಡಿಕೊಟ್ಟಿರುವುದರಿಂದ ನಿಮಗೆ ಆ ಅಡ್ಡಿಯಿಲ್ಲ. ಆದರೂ ಕೊಳ್ಳಲು ಅವಸರ ಮಾಡಬೇಡಿ. ನಾನು ನಿಮ್ಮ ಜಾಗದಲ್ಲಿದ್ದರೆ ನಾಗಮಂಗಲ, ಕುಣಿಗಲ್ ನಡುವಿನ ಹಳ್ಳಿಗಳಲ್ಲಿ ಒಂದು ಹಳೆಯ ತೋಟದ ಮನೆಯನ್ನು ಮೇ ತಿಂಗಳಿನಿಂದ ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿಯುತ್ತಿದ್ದೆ. ಆಗಸ್ಟ್‌ನಲ್ಲಿ ಗೊರಸು ಎತ್ತಿ ನೋಡಿ, ಡಿಸೆಂಬರ್‌ನಲ್ಲಿ ರಾಗಿ ಕೂಳೆಯ ಮೇಲೆ ಓಡಿಸಿ ನೋಡಿ, ಏಪ್ರಿಲ್‌ನಲ್ಲಿ ಬೋರ್‌ವೆಲ್‌ನಲ್ಲಿ ಎಷ್ಟು ನೀರು ಉಳಿದಿದೆ ನೋಡಿ. ಅಷ್ಟರಲ್ಲಿ ಯಾವ ದಾರಿ ಯಾರ ಹೊಲಕ್ಕೆ ಹೋಗುತ್ತದೆ ಎಂಬುದು ನಿಮಗೂ ಕುದುರೆಗಳಿಗೂ ಗೊತ್ತಾಗಿರುತ್ತದೆ, ಮಾರುವ ಜಮೀನು ಯಾವುದೆಂದು ಊರಿನವರೇ ಹೇಳುತ್ತಾರೆ.