ಬ್ಯಾಟರಿ ಇಲ್ಲದ ಗೊಂಬೆಗೆ ನೆನಪು ಎಲ್ಲಿಂದ ಬಂತು?

ಚೌಕಾಬಾರ ಆಡುವಾಗ ಕಾಯಿ ಯಾವುದಾದರೂ ನಡೆಯುತ್ತದೆ. ಹುಣಸೆ ಬೀಜ, ಬಳೆ ಚೂರು, ಕಾಫಿ ಬೀಜ, ಕೈಗೆ ಸಿಕ್ಕಿದ್ದು. ಯಾವ ಕಾಯಿ ಯಾರದು, ಈಗ ಯಾರ ಸರದಿ ಅನ್ನುವುದೆಲ್ಲ ಆಡುವವರ ತಲೆಯಲ್ಲಿರುತ್ತದೆ. ಕಾಯಿಗೆ ಏನೂ ಗೊತ್ತಿಲ್ಲ. ಆದರೆ 2015ರ ನವೆಂಬರಿನಲ್ಲಿ ಬಂದ ಒಂದು ವಿಡಿಯೊ ಗೇಮಿನಲ್ಲಿ ಕಾಯಿಗೇ ನೆನಪಿದೆ. ತಾನು ಯಾರು, ಎಷ್ಟು ಅಂಕ ಗಳಿಸಿದ್ದೇನೆ ಅನ್ನುವುದನ್ನು ಅದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅದೂ ಬ್ಯಾಟರಿ ಇಲ್ಲದೆ.

ಆ ಆಟದ ಹೆಸರು 'ಅನಿಮಲ್ ಕ್ರಾಸಿಂಗ್: ಅಮೀಬೊ ಫೆಸ್ಟಿವಲ್'. ಜಪಾನಿನ ನಿಂಟೆಂಡೊ ಕಂಪನಿ ಇದನ್ನು ತನ್ನ ವೀ ಯು ಯಂತ್ರಕ್ಕಾಗಿ ಮಾಡಿತು. ಟೀವಿಯಲ್ಲಿ ಒಂದು ಊರು ಕಾಣುತ್ತದೆ, ಆ ಊರೇ ಆಟದ ಮಣೆ. ನಾಲ್ಕು ಜನರವರೆಗೆ ಕೂತು ಆಡಬಹುದು. ಅಮೀಬೊ ಅಂದರೆ ಆಟಕ್ಕೆ ಬೇಕಾದ ಪುಟ್ಟ ಗೊಂಬೆ. ನಾಯಿ, ಗೂಬೆ, ನಮ್ಮ ಕಾವೇರಿಯಲ್ಲೂ ಇರುವ ನೀರುನಾಯಿ, ಹೀಗೆ ಬಗೆಬಗೆಯವು ಇವೆ. ಬಿಡಿಬಿಡಿಯಾಗಿ ಕೊಂಡು ಸಂಗ್ರಹಿಸುವವರೂ ಬಹಳ. ಯಂತ್ರದ ಜೊತೆ ಕೈಯಲ್ಲಿ ಹಿಡಿದು ಆಡಿಸುವ, ಪರದೆಯಿರುವ ಒಂದು ಹಲಗೆ ಬರುತ್ತದೆ, ಅದರ ಹೆಸರು ಗೇಮ್‌ಪ್ಯಾಡ್. ನಿಮ್ಮ ಸರದಿ ಬಂದಾಗ ಗೊಂಬೆಯನ್ನು ಗೇಮ್‌ಪ್ಯಾಡಿನ ಎಡಗಡೆ ಕೆಳಮೂಲೆಗೆ ತಾಗಿಸಬೇಕು. ಪರದೆಯಲ್ಲಿ ದಾಳ ಉರುಳುತ್ತದೆ, ಗರ ಬೀಳುತ್ತದೆ, ನಿಮ್ಮ ಪಾತ್ರ ಅಷ್ಟು ಮನೆ ನಡೆಯುತ್ತದೆ.

ವಿಮರ್ಶಕರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ದಾಳ ಉರುಳಿಸುವುದು ಬಿಟ್ಟರೆ ಮಾಡೋದಕ್ಕೆ ಏನಿದೆ ಅಂದರು. ನನಗೆ ಅನ್ನಿಸುವುದೇ ಬೇರೆ. ಕಕ್ಕಡ ತಿಂಗಳ ಮಳೆಯಲ್ಲಿ ಪೊನ್ನಂಪೇಟೆಯ ನಮ್ಮ ನೆಂಟರ ಮನೆಯಲ್ಲಿ ಮಕ್ಕಳ ಜೊತೆ ಅಜ್ಜಿಯೂ ಇದನ್ನು ಆಡಿದರು. ಬಟನ್ನುಗಳ ಗೋಜಿಗೆ ಅವರು ಯಾವತ್ತೂ ಹೋದವರಲ್ಲ. ಗೊಂಬೆ ಎತ್ತಿ ತಾಗಿಸೋದು ಮಾತ್ರ ಅವರಿಗೆ ಹೇಳಿಕೊಡಬೇಕಾಗಲೇ ಇಲ್ಲ. 'ಇದರೊಳಗೆ ಸೆಲ್ ಎಲ್ಲಿ ಹಾಕೋದು ಮಗಾ?' ಅಂತ ಗೊಂಬೆಯ ತಳ ತಿರುಗಿಸಿ ನೋಡಿದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು.

ಗೊಂಬೆಯ ಪೀಠದೊಳಗೆ ಇರುವುದು ಎರಡೇ ವಸ್ತು. ಸುರುಳಿ ಸುತ್ತಿದ ತೆಳುವಾದ ಲೋಹದ ಎಳೆ, ಅದಕ್ಕೆ ಅಂಟಿದ ಒಂದು ಸಣ್ಣ ಚಿಪ್. ಗೇಮ್‌ಪ್ಯಾಡಿನ ಒಳಗೂ ಇಂಥದೇ ಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಹಿಂದೆ ಮುಂದೆ ಹರಿಯುತ್ತದೆ. ಹಾಗಾಗಿ ಅದರ ಸುತ್ತ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿ ಇಟ್ಟರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ಕೆಆರ್‌ಎಸ್ ಕೆಳಗಿನ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆಯುವುದೂ ಇದೇ ನಿಯಮದಿಂದ. ತಾಗಿಸಿದ ಆ ಕ್ಷಣಕ್ಕೆ ಗೊಂಬೆಯ ಚಿಪ್ಪಿಗೆ ಜೀವ ಬರುತ್ತದೆ. ಎತ್ತಿದ ಕೂಡಲೇ ಹೋಗುತ್ತದೆ.

ಕರೆಂಟೇನೋ ಸಿಕ್ಕಿತು. ಉತ್ತರ ಕೊಡೋದು ಹೇಗೆ? ಸ್ವಂತವಾಗಿ ಅಲೆ ಕಳಿಸುವ ಶಕ್ತಿ ಗೊಂಬೆಗೆ ಇಲ್ಲ. ಈ ತಂತ್ರಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವ ಕಾಲದಲ್ಲಿ ಪಕ್ಕದ ತೋಟದವರು ಪಂಪ್‌ಸೆಟ್ ಹಾಕಿದರೆ ನಮ್ಮ ಮನೆಯ ಬಲ್ಬು ಸ್ವಲ್ಪ ಮಂಕಾಗುತ್ತದೆ, ಅಲ್ವಾ? ಅವರು ನಮಗೆ ಏನೂ ಹೇಳಿಲ್ಲ. ಆದರೂ ಪಂಪು ಹಾಕಿದ್ದು, ಆಫ್ ಮಾಡಿದ್ದು ನಮಗೆ ಗೊತ್ತಾಗುತ್ತದೆ. ಗೊಂಬೆಯೂ ಇದನ್ನೇ ಮಾಡುತ್ತದೆ. ತಾನು ಎಳೆಯುವ ಕರೆಂಟನ್ನು ಸೆಕೆಂಡಿಗೆ ಸುಮಾರು 8 ಲಕ್ಷ 47 ಸಾವಿರ ಸಲದ ಲೆಕ್ಕದಲ್ಲಿ ಜಾಸ್ತಿ, ಕಡಿಮೆ ಮಾಡುತ್ತದೆ. ಗೇಮ್‌ಪ್ಯಾಡಿನ ಸುರುಳಿಗೆ ಆ ಏರಿಳಿತ ತಿಳಿಯುತ್ತದೆ. ಅದರಿಂದ ಒಂದು, ಸೊನ್ನೆಗಳನ್ನು ಬಿಡಿಸಿ ಓದಿಕೊಳ್ಳುತ್ತದೆ.

ಇದಕ್ಕೆ ಎನ್‌ಎಫ್‌ಸಿ ಅನ್ನುತ್ತಾರೆ. ಅಂಗಡಿಯಲ್ಲಿ ಪಿನ್ ಒತ್ತದೆ 5,000 ರೂಪಾಯಿವರೆಗೆ ಪಾವತಿಸುವ ಬ್ಯಾಂಕ್ ಕಾರ್ಡಿನಲ್ಲೂ ಇರುವುದು ಇದೇ. ಇಷ್ಟು ಹತ್ತಿರ ಯಾಕೆ ತರಬೇಕು ಅಂದರೆ, ಇಂಥ ಕಾಂತಕ್ಷೇತ್ರ ದೂರ ಹೋದಂತೆ ತುಂಬಾ ಬೇಗ ಸೊರಗುತ್ತದೆ. ಸುರುಳಿಯಿಂದ ಸ್ವಲ್ಪ ಆಚೆ ಹೋದರೆ, ದೂರ ಎರಡು ಪಟ್ಟಾದಾಗ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಗಣಂಗೂರು ಟೋಲಿನಲ್ಲಿ ಕಾರಿನ ಫಾಸ್ಟ್ಯಾಗನ್ನು ಮೀಟರುಗಟ್ಟಲೆ ದೂರದಿಂದಲೇ ಓದುತ್ತಾರಲ್ಲ, ಅದಕ್ಕೂ ಬ್ಯಾಟರಿ ಇಲ್ಲ. ಅದರ ದಾರಿ ಬೇರೆ. ಅಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆ ಬಂದು ತಗಲುತ್ತದೆ, ಸ್ಟಿಕ್ಕರ್ ಅದನ್ನು ವಾಪಸ್ ಚದುರಿಸುತ್ತದೆ.

ಎನ್‌ಎಫ್‌ಸಿ ಇರುವ ಮೊಬೈಲು ಮನೆಯಲ್ಲಿದ್ದರೆ ನೀವೇ ನೋಡಬಹುದು. ಬ್ಯಾಂಕ್ ಕಾರ್ಡನ್ನು ಮೊಬೈಲಿನ ಬೆನ್ನಿಗೆ ಹಿಡಿದರೆ ಅದು ಒಂದು ಸದ್ದು ಮಾಡುತ್ತದೆ. ನಡುವೆ ಒದ್ದೆ ಬಾಳೆಲೆ ಇಡಿ, ಆಗಲೂ ಓದುತ್ತದೆ. ಸ್ಟೀಲ್ ತಟ್ಟೆ ಇಡಿ, ನಿಂತುಹೋಗುತ್ತದೆ. ಲೋಹದಲ್ಲೂ ಕರೆಂಟು ಹುಟ್ಟಿ, ಅದು ಮೂಲ ಕಾಂತಕ್ಷೇತ್ರಕ್ಕೇ ಎದುರಾಗುತ್ತದೆ.

ಇನ್ನು ನೆನಪಿನ ವಿಷಯ. ಅಮೀಬೊ ಚಿಪ್ಪಿನಲ್ಲಿ ಬರೆಯಲು ಇರುವ ಜಾಗ 504 ಬೈಟ್. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ 3 ಬೈಟ್ ಬೇಕು. 'ಮಡಿಕೇರಿ' ಅಂತ ಬರೆದರೆ 21 ಬೈಟ್. 24 ಸಲ ಬರೆದರೆ ಚಿಪ್ ಪೂರ್ತಿ ತುಂಬಿತು! ಹಾಗಾಗಿ ಊರು, ಸಂಗೀತ, ಚಿತ್ರ ಎಲ್ಲ ಆಟದ ಡಿಸ್ಕಿನಲ್ಲೇ ಇರುತ್ತವೆ. ಗೊಂಬೆ ತನ್ನ ಗುರುತು, ಗಳಿಸಿದ ಅಂಕ, ಇಂಥ ನಾಲ್ಕು ವಿವರ ಮಾತ್ರ ಹೊತ್ತಿರುತ್ತದೆ. ಗುರುತಿನ ಭಾಗಕ್ಕೆ ಕಾರ್ಖಾನೆಯಲ್ಲೇ ಬೀಗ ಬಿದ್ದಿರುವುದರಿಂದ ಗೂಬೆ ನಾಯಿಯಾಗಲಾರದು.

ಕರೆಂಟು ಹೋದ ಮೇಲೂ ನೆನಪು ಉಳಿಯುವುದು ಎಲೆಕ್ಟ್ರಾನುಗಳಿಂದ. ಚಿಪ್ಪಿನ ಪ್ರತಿ ಕೋಶದಲ್ಲಿ ನಾಲ್ಕೂ ಕಡೆ ನಿರೋಧಕ ಪದರ ಸುತ್ತಿದ ಒಂದು ಚೂರು ಇದೆ. ಅದರೊಳಗೆ ಎಲೆಕ್ಟ್ರಾನುಗಳನ್ನು ತಳ್ಳಿ ಕೂಡಿಹಾಕಿದರೆ ಒಂದು ಸ್ಥಿತಿ, ಹೊರಗೆ ಬಿಟ್ಟರೆ ಇನ್ನೊಂದು. ಒಳಗೆ ಸಿಕ್ಕಿದವು ವರ್ಷಗಟ್ಟಲೆ ಅಲ್ಲೇ ಇರುತ್ತವೆ.

ನಮ್ಮ ಕೊಡಗಿನ ಹವೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮಳೆಗಾಲದಲ್ಲಿ ಟೀವಿ ರಿಮೋಟಿನ ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಗೊಂಬೆಯಲ್ಲಿ ಹೊರಗೆ ಕಾಣುವ ಲೋಹವೇ ಇಲ್ಲ. ಎಲ್ಲ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದೆ.

ಇದಕ್ಕೆ ಆಗದಿರುವುದು ಶಾಖ. ಚಿಪ್ ತಯಾರಿಸುವ ಎನ್‌ಎಕ್ಸ್‌ಪಿ ಕಂಪನಿ 10 ವರ್ಷ ನೆನಪು ಉಳಿಯುತ್ತದೆ, 1 ಲಕ್ಷ ಸಲ ಬರೆಯಬಹುದು ಅನ್ನುತ್ತದೆ. ಅದು ಕಂಪನಿ ಕೊಡುವ ಭರವಸೆಯ ಲೆಕ್ಕ, ತಂಪಾದ ಜಾಗದಲ್ಲಿ ಇನ್ನೂ ಜಾಸ್ತಿ ಬಾಳುತ್ತದೆ. ಬಿಸಿ ಏರಿದಷ್ಟೂ ಎಲೆಕ್ಟ್ರಾನುಗಳು ಬೇಗ ಸೋರಿಹೋಗುತ್ತವೆ. ಮಳೆಗಾಲದ ಥಂಡಿಗೆ ಹಾಳಾಗದಿರಲಿ ಅಂತ ನಾವು ಎಲ್ಲವನ್ನೂ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತೇವಲ್ಲ, ಈ ಗೊಂಬೆಗಳನ್ನು ಮಾತ್ರ ಅಲ್ಲಿ ಇಡಬೇಡಿ. ಕೋಣೆಯ ಕಪಾಟೇ ಸಾಕು.